ಆಚೆ ಇಳಿಜಾರಿನ ಕುದುರೆಗಳು

ಕೊಚ್ಕೋರ್, ಜೂನ್ ೫

ಪ್ರೀತಿಯ ತಮ್ಮ ಎಸೆನ್ಕುಲ್,

ಹೇಗಿದ್ದೀಯಪ್ಪ? ನಿನ್ನ ಹೆಂಡತಿ ಸಾಲ್ಕಿನಾಯ್‌ಳ ಮಂಡಿನೋವು ಮೇಲಿನ ತಣ್ಣನೆ ಗಾಳಿಗೆ ಹೆಚ್ಚಾಗಿಲ್ಲ ತಾನೇ? ನಿನ್ನ ನಾಯಿ ಬೊರುಕ್‌ನ ಕಿವಿ ಗಾಯ ಮಾಯ್ದಿತೇ? ಮೊಲ್ದೊಬಾಯ್ ನಿನ್ನನ್ನು ನಂಬಿ ಒಪ್ಪಿಸಿದ ಕುದುರೆಗಳೆಲ್ಲ ಗುಡ್ಡ ಹತ್ತಿದ ದಣಿವು ಕಳೆದು ಮೈತುಂಬಿಕೊಳ್ಳುತ್ತಿವೆಯೇ? ನಾನಿಲ್ಲಿ ಚೆನ್ನಾಗಿದ್ದೇನೆ. ಕೆಮ್ಮು ಹೋಗಿದೆ.

ನಿನ್ನ ಕಣ್ಣಿನ ವಿಷಯ ಕೇಳುವುದಿಲ್ಲ ಎಂದು ಮಾತು ಕೊಟ್ಟಿದ್ದೆ. ಆದ್ದರಿಂದ ಕೇಳುತ್ತಿಲ್ಲ, ಹೇಳುತ್ತಿದ್ದೇನೆ ಅಷ್ಟೇ. ಬಿಷ್ಕೆಕ್‌ನ ಕಣ್ಣಾಸ್ಪತ್ರೆಯವರು ಪೊರೆ ತೆಗೆಯಲು ಆಗಸ್ಟ್ ಹನ್ನೆರಡಕ್ಕೆ ದಿನ ಕೊಟ್ಟಿದ್ದಾರೆ. ಅದನ್ನು ಬಿಟ್ಟರೆ ಮುಂದಿನ ವರ್ಷವೇ. ಅಷ್ಟರಲ್ಲಿ ಪೊರೆ ಕಲ್ಲಿನಂತಾಗಿ ತೆಗೆಯುವುದೇ ಕಷ್ಟವಾಗುತ್ತದೆ ಎಂದು ಡಾಕ್ಟರಮ್ಮ ಹೇಳಿದರು. ಆಯಿತು, ಇನ್ನು ಈ ಮಾತು ಎತ್ತುವುದಿಲ್ಲ.

ಈಗ ನನ್ನ ಹೊಸ ಹುಚ್ಚಿನ ಸಮಾಚಾರ. ಶಾಲೆಯವರು ಬೇಡವೆಂದು ಮೂಲೆಗೆ ಹಾಕಿದ್ದ ಒಂದು ಲ್ಯಾಪ್‌ಟಾಪ್ ತಂದು ಚಳಿಗಾಲವೆಲ್ಲ ಅದರ ಮುಂದೆ ಕೂತಿದ್ದೆನಲ್ಲ, ಕೂತು ಒಂದು ವಿದ್ಯೆ ಕಲಿಯುತ್ತಿದ್ದೇನೆ. ಫೋಟೋ ಕೊಟ್ಟರೆ ಅದರಲ್ಲಿ ಏನೇನು ಎಲ್ಲೆಲ್ಲಿದೆ ಎಂದು ಯಂತ್ರವೇ ಚೌಕ ಎಳೆದು, ಪಕ್ಕದಲ್ಲಿ ಹೆಸರು ಬರೆದು, ತನಗೆ ಎಷ್ಟು ನಂಬಿಕೆಯಿದೆ ಎಂದು ಒಂದು ಅಂಕವನ್ನೂ ಹಾಕುತ್ತದೆ. ಆ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ. ಹೇಳಿಕೊಡುವ ವಿಡಿಯೋಗಳೂ ಇವೆ, ರಷ್ಯನ್ ಭಾಷೆಯಲ್ಲಿ. ಹೇಳಿಕೊಡುವವನು ಓಡುವ ಕುದುರೆಯ ಮೇಲೆ ಕೂತವನಂತೆ ಮಾತಾಡುತ್ತಾನೆ. ನಿಲ್ಲಿಸಿ, ಹಿಂದಕ್ಕೆ ತಿರುಗಿಸಿ, ಮತ್ತೆ ಕೇಳುತ್ತೇನೆ. ಚಿತ್ರಮಂದಿರದಲ್ಲಿ ಅಷ್ಟು ವರ್ಷ ಸಿನಿಮಾ ಯಂತ್ರ ನಡೆಸಿದವಳಿಗೆ ರೀಲು ಹಿಂದಕ್ಕೆ ಸುತ್ತುವುದೇನು ಹೊಸದೇ?

ಮೊದಲು ನಮ್ಮ ಅಡುಗೆಮನೆಯ ಫೋಟೋ ಕೊಟ್ಟೆ. ಚಹಾಕ್ಕೆ ನೀರು ಕಾಯಿಸುವ ನಮ್ಮ ಸಮೋವಾರ್ ನೋಡಿ, ಅದು ಬೀದಿಯಲ್ಲಿ ಬೆಂಕಿ ಆರಿಸಲು ನೆಟ್ಟಿರುವ ನೀರಿನ ಕಂಬ ಎಂದಿತು. ಪಕ್ಕದ ಮನೆಯ ಬೂಬೂಷ್ ಬಂದಿದ್ದಳು. "ನನ್ನನ್ನ ಏನಂತ ಹೇಳತ್ತೆ, ನೋಡೇ," ಎಂದು ಮುಂದೆ ನಿಂತಳು. "ಮನುಷ್ಯ ಅಂತಿದೆ ಕಣೇ, ಆದ್ರೆ ಅದಕ್ಕೆ ಪೂರ್ತಿ ನಂಬಿಕೆ ಇಲ್ಲ," ಎಂದೆ. "ಬಿಡು, ನನ್ ಗಂಡನಿಗೂ ಇಲ್ಲ," ಎಂದಳು.

ಆಮೇಲೆ ನಿನ್ನ ಗುಡಾರದ ಬಾಗಿಲಲ್ಲಿ ನಿಂತು ಹೋದ ವರ್ಷ ತೆಗೆದಿದ್ದ ಫೋಟೋ ಕೊಟ್ಟೆ. ಹತ್ತಿರ ಕಟ್ಟಿದವನ್ನು ಕುದುರೆ ಎಂದಿತು. ಹಳ್ಳದಾಚೆಯ ಇಳಿಜಾರಿನಲ್ಲಿ ಮೇಯುತ್ತಿದ್ದವುಗಳಲ್ಲಿ ಕೆಲವನ್ನು ಕುರಿ ಎಂದಿತು, ಒಂದನ್ನು ಹಕ್ಕಿ ಎಂದಿತು, ಉಳಿದವನ್ನು ಕಾಣಲೇ ಇಲ್ಲ. ದೂರದವು ಬರೀ ಚುಕ್ಕೆಗಳಲ್ಲವೇ? ಅಷ್ಟು ದೂರದ್ದು ತಿಳಿಯಬೇಕಾದರೆ ಅದೇ ಜಾಗದ ಚಿತ್ರಗಳನ್ನು ತೋರಿಸಿ ನಾವೇ ಕಲಿಸಬೇಕಂತೆ.

ಹುಳಿಸಿದ ಕುದುರೆಹಾಲಿನ ಕುಮಿಸ್ ಒಯ್ಯಲು ಬರುವ ಡ್ರೈವರ್ ಟಾಲಿಪ್ ಕೈಯಲ್ಲಿ ಆ ಇಳಿಜಾರಿನ ಫೋಟೋ ತೆಗೆಸಿ, ಅಚ್ಚು ಹಾಕಿಸಿ ಕಳಿಸಿದ್ದೇನೆ. ಕುದುರೆ ಕಂಡಲ್ಲೆಲ್ಲ ಪೆನ್ಸಿಲಿನಿಂದ ಒಂದೊಂದು ಚೌಕ ಎಳೆದು, ಅದೇನೆಂದು ಪಕ್ಕದಲ್ಲಿ ಬರೆದು ಕಳಿಸು. ಚೌಕ ಮೈಗೆ ಅಂಟಿದಂತಿರಲಿ, ಹುಲ್ಲು ಹೆಚ್ಚು ಸೇರಬಾರದು. ಬಂಡೆಯ ಹಿಂದೆ ಅರ್ಧವೇ ಕಂಡರೆ ಆ ಅರ್ಧಕ್ಕೇ ಚೌಕ. ಯಾವ ಚುಕ್ಕೆ ಕುದುರೆ, ಯಾವುದು ಕಲ್ಲು ಎಂದು ಊರಲ್ಲಿ ಕೂತ ನನಗೆ ತಿಳಿಯದು. ಮುದುಕಿಯ ಆಟ ಎಂದುಕೊಂಡಾದರೂ ಮಾಡಿಕೊಡು.

ನಿನ್ನ ಅಕ್ಕ,
ಶೆಕೆರ್‌ಕನ್

ಕಾರಾ-ಬೆಲ್ ಹುಲ್ಲುಗಾವಲು, ಜೂನ್ ೧೬

ಅಕ್ಕಾ,

ನಾವೆಲ್ಲ ಕ್ಷೇಮ. ಹಗ್ಗ ಉಜ್ಜಿ ನನ್ನ ಬೆರಳು ಸುಲಿದಿದೆ, ಅದಕ್ಕೇ ಹೇಳಿ ಬರೆಸುತ್ತಿದ್ದೇನೆ. ಸಾಲ್ಕಿನಾಯ್ ಅಕ್ಷರ ನೋಡಿ ಗಾಬರಿಯಾಗಬೇಡ.

ಚೌಕ ಎಳೆದು ಕಳಿಸಿದ್ದೇನೆ. ನಿನ್ನ ಯಂತ್ರ ಎಳೆ ಮಗುವಿಗಿಂತ ದಡ್ಡ ಎಂದು ಕೇಳಿ ಸಂತೋಷವಾಯಿತು. ಕುರಿಯಂತೆ! ಮೊಲ್ದೊಬಾಯ್ ಕೇಳಿದರೆ ಎದೆಯೊಡೆದುಕೊಂಡಾನು. ಒಂದೊಂದೂ ಯಾವುದೆಂದು ಸರಿಯಾಗಿ ಬರೆದಿದೆ, ಕಣ್ಣುಮುಚ್ಚಿ ನಂಬು.

ಕಣ್ಣು ಚೆನ್ನಾಗಿದೆ. ನಿನ್ನೆ ಕಣಿವೆಯ ಮೇಲೆ ಹದ್ದು ಸುತ್ತುತ್ತಿದ್ದುದನ್ನು ಇಲ್ಲಿಂದಲೇ ನೋಡಿದೆ. ಮೇಲಿನ ಗಾಳಿಗೆ ಪೊರೆ ತಾನಾಗಿಯೇ ಕರಗುತ್ತಿರಬೇಕು. ಆಗಸ್ಟ್‌ನಲ್ಲಿ ಹಿಂಡು ಬಿಟ್ಟು ಬರಲು ಆಗುವುದಿಲ್ಲ, ಹಾಲು ಕರೆಯುವ ಕಾಲ. ಕುದುರೆ ಕಾಯುವವನು ಆಸ್ಪತ್ರೆ ಸೇರಿದ ಎಂದು ಒಂದು ಸಲ ಊರಿಗೆ ತಿಳಿದರೆ, ಮುಂದಿನ ಬೇಸಿಗೆಗೆ ನನ್ನ ಕೈಗೆ ಯಾರು ಕುದುರೆ ಕೊಡುತ್ತಾರೆ, ನೀನೇ ಹೇಳು. ಆ ದಿನವನ್ನು ಬೇರೆ ಯಾರಿಗಾದರೂ ಕೊಡಲು ಹೇಳು.

ಒಣಮೊಸರಿನ ಕುರುತ್ ಉಂಡೆ ಕಳಿಸಿದ್ದೇನೆ, ನಿನ್ನ ಹಲ್ಲಿಗೆ ಜೋಕೆ.

ಎಸೆನ್ಕುಲ್

ಕೊಚ್ಕೋರ್, ಜೂನ್ ೨೯

ತಮ್ಮ ಎಸೆನ್ಕುಲ್,

ಬೆರಳು ವಾಸಿಯಾಯಿತೇ? ಸಾಲ್ಕಿನಾಯ್ ಅಕ್ಷರ ದುಂಡಗಿದೆ, ಓದಲು ಸುಲಭ, ಆಕೆಗೆ ಹೇಳು.

ನಾವಿಬ್ಬರೂ ಸೇರಿ ಯಂತ್ರವನ್ನು ಕೆಡಿಸಿದ್ದೇವೆ ಕಣೋ! ನೀನು ಎಳೆದ ಒಂದೊಂದು ಚೌಕವನ್ನೂ ಲ್ಯಾಪ್‌ಟಾಪಿನಲ್ಲಿ ಹಾಗೇ ಎಳೆದೆ, ನೀನು ಬರೆದ ಹೆಸರನ್ನೂ ಹಾಗೇ ತುಂಬಿದೆ. ಕಲಿಯಲು ಬಿಟ್ಟೆ. ಇಡೀ ಹಗಲು ಕಲಿಯಿತು. ಮೇಲೆ ರೊಟ್ಟಿ ಬಿಸಿ ಮಾಡಬಹುದಿತ್ತು, ಅಷ್ಟು ಕಾದಿತ್ತು. ಕೊನೆಗೆ ಹೊಸ ಫೋಟೋ ತೋರಿಸಿದರೆ, ಒಂದೇ ಒಂದು ಚೌಕವಿಲ್ಲ. ಖಾಲಿ ಬೆಟ್ಟ.

ಕೂತು ಮತ್ತೆ ನೋಡಿದೆ. ನೀನು ಎಲ್ಲಿಯೂ 'ಕುದುರೆ' ಎಂದು ಬರೆದೇ ಇಲ್ಲ! 'ಕಪ್ಪುಕಾಲಿನ ಕೆಂದು, ಎರಡು ಚಳಿಗಾಲ ಕಂಡ ಗಂಡು.' 'ಹೊಗೆಬಣ್ಣ, ಮೊದಲ ಸಲ ಹಾಲು ಕೊಡುವವಳು.' 'ಇಬ್ಬನಿ ಬಿದ್ದಂಥ ಬೂದು, ಒದೆಯುತ್ತಾಳೆ.' ಪ್ರತಿ ಚೌಕಕ್ಕೂ ಬೇರೆ ಹೆಸರು. ನಾನೂ ಅದೇ ಮಣ್ಣಿನವಳಲ್ಲವೇ? ಬರೆದುಕೊಳ್ಳುವಾಗ ಒಂದು ಸಲವೂ ವಿಚಿತ್ರ ಎನಿಸಲಿಲ್ಲ. ನಮ್ಮಲ್ಲಿ ಯಾರು ಬರೀ 'ಕುದುರೆ' ಎನ್ನುತ್ತಾರೆ? ಆದರೆ ಯಂತ್ರಕ್ಕೆ ಒಂದು ಹೆಸರಿಗೆ ರಾಶಿ ಚಿತ್ರ ಬೇಕು. ನಾವು ಕೊಟ್ಟಿದ್ದು ರಾಶಿ ಹೆಸರು, ಒಂದೊಂದಕ್ಕೆ ಎಲ್ಲೋ ಒಂದೆರಡು ಚಿತ್ರ. ಪಾಪ, ಅದೇನು ಕಲಿತೀತು?

ಅದಕ್ಕೆ ಎಲ್ಲ ಹೆಸರೂ ಅಳಿಸಿ, ಎಲ್ಲದಕ್ಕೂ 'ಕುದುರೆ' ಎಂದು ಹಾಕಿದೆ. ಅಳಿಸುವಾಗ ಏನೋ ಸಂಕಟವಾಯಿತು. ಮತ್ತೆ ಕಲಿಯಲು ಬಿಟ್ಟೆ. ಎಸೆನ್ಕುಲ್, ಈಗ ಕಾಣುತ್ತಿದೆ! ಹಳ್ಳದಾಚೆಯ ಚುಕ್ಕೆಗಳ ಸುತ್ತ ಒಂದೊಂದಾಗಿ ಚೌಕ ಬಂದಾಗ ಕುರ್ಚಿಯಿಂದ ಎದ್ದು ನಿಂತೆ. ಒಂದೇ ಕೊರತೆ. ಬುಗ್ಗೆಯ ಪಕ್ಕದ ಕರಿ ಬಂಡೆಯನ್ನೂ ಕುದುರೆ ಎನ್ನುತ್ತದೆ, ಅದೂ ಎಲ್ಲಕ್ಕಿಂತ ಹೆಚ್ಚು ನಂಬಿಕೆಯಿಂದ.

ಹತ್ತಿರದ ಚಿತ್ರಗಳೂ ಬೇಕಾಗಿ ಮೊಲ್ದೊಬಾಯ್ ಅಂಗಳಕ್ಕೆ ಹೋಗಿ ಅವನ ಸವಾರಿ ಕುದುರೆಯ ಫೋಟೋ ತೆಗೆದುಬಂದೆ. ಏನು ಎತ್ತ ಎಂದು ತುಂಬ ಕೇಳಿದ. ಆಟಕ್ಕೆ ಎಂದೆ.

ಶೆಕೆರ್‌ಕನ್

ಕಾರಾ-ಬೆಲ್, ಜುಲೈ ೯

ಅಕ್ಕಾ,

ಮೊಲ್ದೊಬಾಯ್ ಏನು ಕೇಳಿದ, ನೀನು ಏನು ಹೇಳಿದೆ ಎಂಬುದು ಟಾಲಿಪ್ ಬಾಯಿಂದ ಇಲ್ಲಿಗೂ ಬಂತು. "ಇನ್ನು ಬೆಟ್ಟದ ಮೇಲೆ ಡಬ್ಬಿಯೇ ಕುದುರೆ ಕಾಯತ್ತಂತೆ, ಮನುಷ್ಯ ಯಾಕೆ ಬೇಕು?" ಎಂದು ಅವನು ಅಂಗಡಿ ಮುಂದೆ ನಗುತ್ತಿದ್ದನಂತೆ. ಆಟವಂತೆ.

ಹೆಸರು ಅಳಿಸಿದೆ ಎಂದು ಸಂಭ್ರಮದಿಂದ ಬರೆದಿದ್ದೀಯ. ಒದೆಯುವವಳೂ ಕುದುರೆ, ಮಗುವಿನಂತೆ ಹೆಗಲಿಗೆ ಮೂತಿ ಉಜ್ಜುವವಳೂ ಕುದುರೆ. ಹಾಗಾದರೆ ಕಾಯುವವನು ಯಾರಾದರೇನು? ಅವನೂ ಬರೀ ಒಬ್ಬ ಆಳು.

ಇನ್ನು ಫೋಟೋ ಕಳಿಸಬೇಡ. ಇಲ್ಲಿ ಕೆಲಸವಿದೆ.

ಎಸೆನ್ಕುಲ್

ಕೊಚ್ಕೋರ್, ಜುಲೈ ೧೩

ಎಸೆನ್ಕುಲ್,

ಇಲ್ಲಿ ಏಪ್ರಿಕಾಟ್ ಹಣ್ಣಾಗಿದೆ. ಒಂದು ಬುಟ್ಟಿ ಕಳಿಸಿದ್ದೇನೆ. ಸಾಲ್ಕಿನಾಯ್‌ಗೆ ಮಂಡಿಗೆ ಹಚ್ಚುವ ಮುಲಾಮೂ ಇದೆ.

ಬೇರೆ ವಿಶೇಷವಿಲ್ಲ.

ಶೆಕೆರ್‌ಕನ್

ಕೊಚ್ಕೋರ್, ಜುಲೈ ೨೨

ಎಸೆನ್ಕುಲ್,

ಏಪ್ರಿಕಾಟ್ ತಲುಪಿತೇ? ಖಾಲಿ ಬುಟ್ಟಿ ಟಾಲಿಪ್ ತಂದುಕೊಟ್ಟ, ಕಾಗದವಿರಲಿಲ್ಲ. "ಏನಾದ್ರೂ ಹೇಳಿದ್ನೇನೋ?" ಎಂದು ಕೇಳಿದೆ. "ಹೇಳಿದ್ರು, ಬುಟ್ಟಿ ನಮ್ದಲ್ಲ ಅಂತ," ಎಂದ.

ಕೋಪ ಬಂದರೆ ಬೈದು ಬರೆ. ಬರೆಯದೆ ಇರಬೇಡ.

ಅಕ್ಕ

ಕಾರಾ-ಬೆಲ್, ಜುಲೈ ೨೭

ಪೂಜ್ಯ ಅತ್ತಿಗೆಯವರಿಗೆ ಸಾಲ್ಕಿನಾಯ್ ಮಾಡುವ ವಂದನೆಗಳು.

ಮುಲಾಮು ಹಚ್ಚುತ್ತಿದ್ದೇನೆ, ಆರಾಮವಿದೆ. ಇವರಿಗೆ ತಿಳಿಯದಂತೆ ಬರೆಯುತ್ತಿದ್ದೇನೆ. ಇವರ ಮಾತನ್ನು ಬರೆಯುತ್ತಿದ್ದ ಕೈಯಿಂದಲೇ ಇದನ್ನೂ ಬರೆಯುವುದು ಸರಿಯೋ ತಪ್ಪೋ ಗೊತ್ತಿಲ್ಲ.

ಬೆರಳಿಗೆ ಏನೂ ಆಗಿಲ್ಲ ಅತ್ತಿಗೆ. ಹದ್ದೂ ಇರಲಿಲ್ಲ. ಬರೆಯುವಾಗ ನಾನು ತಲೆ ಎತ್ತಿ ಆಕಾಶ ನೋಡಿದೆ, ಇವರು "ಬರಿ, ಬರಿ" ಎಂದರು.

ಆ ಚೌಕಗಳನ್ನು ಎಳೆದವಳು ನಾನು. ಇವರು ಪಕ್ಕದಲ್ಲಿ ಕೂತು ಕೇಳುತ್ತಿದ್ದರು. "ಎಲ್ಲರನ್ನೂ ಬಿಟ್ಟು ಗಾಳಿಗೆ ಬೆನ್ನು ಕೊಟ್ಟು ನಿಂತೋಳು ಯಾರಾದ್ರೂ ಇದಾಳಾ?" ಇದ್ದಾಳೆ ಎಂದರೆ, "ಅವಳು ಹೊಗೆಬಣ್ಣದೋಳು, ಬರಿ," ಎನ್ನುತ್ತಿದ್ದರು. "ಅವಳ ಕುತ್ತಿಗೆ ಮೇಲೆ ಯಾರಾದ್ರೂ ತಲೆ ಇಟ್ಟಿದಾರಾ?" ಹೀಗೆ ಎಲ್ಲ ಹೆಸರೂ ಬಂದವು. ಅದಕ್ಕೇ ನೀವು ಅಳಿಸಿದೆ ಎಂದು ಬರೆದಾಗ ಇವರಿಗೆ ಅಷ್ಟು ನೋವಾಯಿತು. ಕಣ್ಣಿಲ್ಲದೆ ಹುಡುಕಿದ ಹೆಸರುಗಳು ಅವು.

ಮೊನ್ನೆ ಬೆಳಿಗ್ಗೆ ಬುಗ್ಗೆಯ ಹತ್ತಿರ ಹೋದರು. ಹಾಲು ಹಿಂಡಲು ಕುದುರೆಯನ್ನು ಕೂಗುವ ಹಾಗೆ ಮೆಲ್ಲಗೆ ಕರೆಯುತ್ತ, ಕೈ ಚಾಚಿ ನಡೆದರು. "ಬಾರವ್ವ, ಇವತ್ತೇನು ಇಷ್ಟು ಗಂಭೀರ?" ಎನ್ನುತ್ತಿದ್ದರು. ಅದು ಆ ಕರಿ ಬಂಡೆ, ಅತ್ತಿಗೆ. ನಾನು ಹಿಂದೆಯೇ ಪಾತ್ರೆ ಹಿಡಿದು ನಿಂತಿದ್ದೆ, ಹೇಳಲಿಲ್ಲ. ಮುಟ್ಟಿದ ಮೇಲೆ ಸುಮ್ಮನೆ ಬಂಡೆಯ ಮೇಲೆ ಕೂತರು, ದಣಿವಾಗಿ ಕೂತವರ ಹಾಗೆ. ನಾನೂ ಆಗ ತಾನೇ ಬಂದವಳ ಹಾಗೆ ಸದ್ದು ಮಾಡಿದೆ.

ಹನ್ನೆರಡನೇ ತಾರೀಕಿನ ದಿನ ಇನ್ನೂ ಇದೆಯೇ? ಈ ಕಾಗದ ಬಂದಿತ್ತೆಂದು ದಯವಿಟ್ಟು ಇವರಿಗೆ ಹೇಳಬೇಡಿ.

ಸಾಲ್ಕಿನಾಯ್

ಕೊಚ್ಕೋರ್, ಜುಲೈ ೩೦

ಮುದ್ದಿನ ತಮ್ಮ,

ನೀನು ಬರೆಯದಿದ್ದರೂ ನಾನು ಬರೆಯುತ್ತೇನೆ. ಓದಿಸಿಕೊಂಡು ಸುಮ್ಮನೆ ಕೇಳು, ನಡುವೆ ಎದ್ದು ಹೋಗಬೇಡ.

ಆಟಕ್ಕೆ ಎಂದು ಮೊಲ್ದೊಬಾಯ್‌ಗೂ ಹೇಳಿದೆ, ನಿನಗೂ ಹೇಳಿದೆ. ಅದು ಆಟವಲ್ಲ. ಆ ಡಬ್ಬಿ ನಿನಗಲ್ಲ, ಮೊಲ್ದೊಬಾಯ್‌ಗೂ ಅಲ್ಲ. ನನಗೆ. ಆಗಸ್ಟ್‌ನಲ್ಲಿ ನೀನು ಬಿಷ್ಕೆಕ್‌ಗೆ ಹೋದಾಗ ಗುಡಾರದ ಬಾಗಿಲಲ್ಲಿ ಕೂರುವವಳು ನಾನು. ಸಾಲ್ಕಿನಾಯ್ ಹಾಲು ಕರೆಯಬೇಕು, ಕುಮಿಸ್ ಕಡೆಯಬೇಕು, ಅವಳೊಬ್ಬಳಿಂದ ಆಗುವುದಿಲ್ಲ. ಕುದುರೆಗಳು ಬೆಟ್ಟದ ಯಾವ ಮಡಿಲಿಗೆ ಸರಿದವು, ಎಲ್ಲಿ ನಿಂತವು ಎಂದು ನನಗೆ ತಿಳಿಯದು. ಕತ್ತಲೆ ಕೋಣೆಯಲ್ಲಿ ಬೆಳಕಿನ ಕಿಂಡಿ ನೋಡಿ ಬದುಕಿದವಳು ನಾನು. ಅದಕ್ಕೆ ಲ್ಯಾಪ್‌ಟಾಪಿಗೆ ಕ್ಯಾಮೆರಾ ಸಿಕ್ಕಿಸಿ, ಸೋಲಾರ್ ಹಲಗೆ ಜೋಡಿಸಿ, ನನ್ನ ಜೊತೆಗೆ ಒಂದು ಕಣ್ಣು ಮಾಡಿಕೊಂಡೆ. ಯಾವ ಕುದುರೆಯಾದರೂ ಚಿತ್ರದ ಅಂಚಿಗೆ ಸರಿದರೆ ಗಂಟೆ ಹೊಡೆಯುವ ಹಾಗೆ ಮಾಡಿದ್ದೇನೆ. ಗಂಟೆ ಆದರೆ ಸಾಲ್ಕಿನಾಯ್ ಕುದುರೆ ಹತ್ತಿ ಹೋಗಿ ತಿರುಗಿಸುತ್ತಾಳೆ.

ಮೊದಲೇ ಹೇಳಿದ್ದರೆ ನೀನು ಬೇಡವೆನ್ನುತ್ತಿದ್ದೆ. ಯಂತ್ರ ಸಿದ್ಧವಾದ ಮೇಲೆ ಮುಂದಿಟ್ಟು, ನೋಡು, ಇನ್ನೇನು ನೆಪ, ಎಂದು ಕೇಳಬೇಕೆಂದಿದ್ದೆ. ಅಷ್ಟರಲ್ಲಿ ನೀನು ಕೋಪಿಸಿಕೊಂಡೆ. ನಾನೂ ಏಪ್ರಿಕಾಟ್ ಕಳಿಸಿ ಸುಮ್ಮನಾದೆ. ಇಬ್ಬರೂ ಅಪ್ಪನ ಮಕ್ಕಳೇ.

ಆ ಬಂಡೆಯ ಸಂಗತಿ ಕೇಳು. ಯಂತ್ರ ಅದನ್ನು ಕುದುರೆ ಎಂದು ಹಟ ಹಿಡಿದಿತ್ತಲ್ಲ? ಏನು ಮಾಡಬೇಕೆಂದು ಹುಡುಕಿದೆ. ಬಹಳ ಸುಲಭ. ಕುದುರೆಯೇ ಇಲ್ಲದ ಇಳಿಜಾರಿನ ಚಿತ್ರಗಳನ್ನೂ ತೋರಿಸಬೇಕಂತೆ. ಬಂಡೆ ಇದೆ, ನೆರಳು ಇದೆ, ಕುದುರೆ ಇಲ್ಲ. ಮಂಜಿನಲ್ಲಿ, ಬಿಸಿಲಿನಲ್ಲಿ, ಮೋಡದ ನೆರಳು ಓಡುವಾಗ, ಇಂಥವನ್ನೆಲ್ಲ ಟಾಲಿಪ್ ಕೈಲಿ ತೆಗೆಸಿ ತೋರಿಸಿದೆ. ಆಮೇಲೆ ಬಂಡೆಯನ್ನು ಬಂಡೆಯ ಪಾಡಿಗೆ ಬಿಟ್ಟಿತು. ತಪ್ಪು ಕಂಡಿದ್ದಕ್ಕೆ ಅದು ನಾಚಿಕೊಳ್ಳಲಿಲ್ಲ, ಬಚ್ಚಿಡಲೂ ಇಲ್ಲ. ತಿದ್ದಿಸಿಕೊಂಡಿತು. ಅಷ್ಟು ದೂರದಿಂದ ಆ ಬಂಡೆ ಯಾರಿಗಾದರೂ ಕುದುರೆಯಾಗಿಯೇ ಕಾಣುತ್ತದೆ, ತಮ್ಮ. ಯಾರಿಗಾದರೂ.

ಊರಿನವರಿಗೆ, ಶೆಕೆರ್‌ಕನ್ ಎದೆಗೆ ಒಳ್ಳೆಯದೆಂದು ಕುಮಿಸ್ ಕುಡಿಯಲು ಬೆಟ್ಟ ಹತ್ತುತ್ತಾಳೆ ಎಂದು ಹೇಳಿದ್ದೇನೆ. ಬೇಸಿಗೆಯಲ್ಲಿ ಅರ್ಧ ಊರು ಅದನ್ನೇ ಮಾಡುತ್ತದೆ, ಯಾರೂ ಏನೂ ಕೇಳುವುದಿಲ್ಲ. ಬೂಬೂಷ್ ಮಾತ್ರ, "ನಿನಗೆ ಕುಮಿಸ್ ಕುಡಿದ್ರೆ ಹೊಟ್ಟೆ ಕೆಡತ್ತಲ್ಲೇ?" ಎಂದಳು. "ಈ ವರ್ಷ ಕೆಡಲ್ಲ," ಎಂದೆ.

ಬರಲೇ? ಒಂದೇ ಮಾತು ಬರೆಸು, ಸಾಕು.

ಅಕ್ಕ

ಕಾರಾ-ಬೆಲ್, ಆಗಸ್ಟ್ ೩

ಅಕ್ಕಾ,

ಬಾ.

ಒಂದೇ ಮಾತು ಸಾಕೆಂದಿದ್ದೆ, ಆದರೆ ಇನ್ನೂ ಇದೆ. ನಿನ್ನ ಡಬ್ಬಿ ಎಲ್ಲರನ್ನೂ ಕುದುರೆ ಎನ್ನಲಿ, ಅದರ ಹೊಟ್ಟೆಪಾಡು ಅದು. ನೀನು ಹಾಗನ್ನಬಾರದು. ಐದನೇ ತಾರೀಕಿಗೇ ಬಾ. ನಾನು ಹೊರಡುವ ತನಕ ದಿನಾ ಹಿಂಡಿನ ನಡುವೆ ನಡೆಸುತ್ತೇನೆ, ಯಾರು ಯಾರೆಂದು ಬಾಯಿಪಾಠ ಮಾಡಬೇಕು. ಯಾರು ಹೇಗೆ ನಿಂತರೆ ಏನರ್ಥ ಎಂದೂ.

ಬಂಡೆಯ ಸಂಗತಿಯನ್ನು ಸಾಲ್ಕಿನಾಯ್ ಎರಡು ಸಲ ಓದಿದಳು. ಎರಡನೇ ಸಲ ದನಿ ಸರಿಯಿರಲಿಲ್ಲ. ಯಾರು ಯಾರಿಗೆ ಕಾಗದ ಬರೆದರು ಎಂದು ನಾನು ಕೇಳುವುದಿಲ್ಲ.

ಬೆರಳು ಸುಲಿದಿರಲಿಲ್ಲ, ಅಕ್ಕ. ಈಚೆಗೆ ಬರೀ ಹಾಲಿನೊಳಗಿಂದ ನೋಡಿದ ಹಾಗಿದೆ.

ಹೆದರಿಕೆಯಾಗುತ್ತದೆ. ಇದನ್ನು ಬರೆಯಬೇಡ ಎಂದು ಸಾಲ್ಕಿನಾಯ್‌ಗೆ ಹೇಳಿದೆ. ಬರೆದಿರುತ್ತಾಳೆ.

ಎಸೆನ್ಕುಲ್

ಕಾರಾ-ಬೆಲ್, ಆಗಸ್ಟ್ ೧೫

ಬಿಷ್ಕೆಕ್ ಕಣ್ಣಾಸ್ಪತ್ರೆಯಲ್ಲಿರುವ ನನ್ನ ಎಸೆನ್ಕುಲ್‌ಗೆ,

ನೋವಿದೆಯೇ? ರಾತ್ರಿ ನಿದ್ದೆ ಬರುತ್ತದೆಯೇ? ಮೊದಲ ಕಣ್ಣಿನ ಪಟ್ಟಿಯನ್ನು ಸೋಮವಾರ ಬಿಚ್ಚುತ್ತಾರೆಂದು ಆಸ್ಪತ್ರೆಗೆ ಫೋನ್ ಮಾಡಿ ಕೇಳಿಕೊಂಡು ಬಂದ ಟಾಲಿಪ್ ಹೇಳಿದ. ಈ ಕಾಗದ ಅದಕ್ಕೆ ಮೊದಲೇ ಬಂದರೆ ನರ್ಸ್ ಕೈಲಿ ಓದಿಸಿಕೋ. ಜೊತೆಗಿರುವ ಲಕೋಟೆಯನ್ನು ಮಾತ್ರ ಅವರಿಗೆ ಕೊಡಬೇಡ, ಏಕೆಂದು ಮುಂದೆ ಹೇಳುತ್ತೇನೆ.

ಸಾಲ್ಕಿನಾಯ್ ಚೆನ್ನಾಗಿದ್ದಾಳೆ. ಬೊರುಕ್ ನನ್ನ ಚಪ್ಪಲಿ ಹೊತ್ತೊಯ್ದಿದೆ. ಹಿಂಡಿನಲ್ಲಿ ಎಲ್ಲರೂ ಇದ್ದಾರೆ. ಒದೆಯುವವಳು ನನ್ನನ್ನೂ ಒದ್ದಳು, ಆದ್ದರಿಂದ ಅವಳ ಹೆಸರು ಇನ್ನು ಮರೆಯುವುದಿಲ್ಲ. ಯಂತ್ರ ಬಾಗಿಲಲ್ಲಿ ಕೂತು ಆಚೆ ಇಳಿಜಾರು ನೋಡುತ್ತದೆ, ನಾನು ಯಂತ್ರವನ್ನು ನೋಡುತ್ತೇನೆ. ಮಂಜು ಮುಚ್ಚಿದ ದಿನ ಅದಕ್ಕೂ ಏನೂ ಕಾಣಲಿಲ್ಲ. ಆಗ ಸಾಲ್ಕಿನಾಯ್ ಸುತ್ತಿ ಬಂದಳು, ನಾನು ಇಲ್ಲಿಂದ ತಟ್ಟೆ ಬಡಿಯುತ್ತ ಕೂತೆ, ಅವಳಿಗೆ ಗುಡಾರದ ದಾರಿ ತಪ್ಪದಿರಲಿ ಎಂದು.

ಮೊಲ್ದೊಬಾಯ್ ಬಂದಿದ್ದ! ಕುಮಿಸ್ ಕುಡಿಯಲು. "ಎಸೆನ್ಕುಲ್ ಎಲ್ಲಿ?" ಎಂದ. ಸುಳ್ಳು ಬಾಯಿಗೆ ಬರಲಿಲ್ಲ. "ಕಣ್ಣು ರಿಪೇರಿಗೆ ಹೋಗಿದಾನೆ, ಬರ್ತಾನೆ. ಅಲ್ಲಿತನಕ ನಾವಿದೀವಿ," ಎಂದೆ. ಅವನು ಯಂತ್ರದ ಮುಂದೆ ಬಗ್ಗಿದ. ಮೂಗು ಪರದೆಗೆ ತಾಗಿತು. "ಇದರಲ್ಲಿ ನನ್ನವು ಯಾವುವು?" ಎಂದ. ಅವನಿಗೂ ಕಾಣುವುದಿಲ್ಲ ಕಣೋ! ಅದನ್ನು ಮುಚ್ಚಿಡಲೇ ಅಂಗಡಿ ಮುಂದೆ ನಕ್ಕಿದ್ದು. ನಾನು ಒಂದೊಂದೇ ಚೌಕದ ಮೇಲೆ ಬೆರಳಿಟ್ಟು ಹೇಳಿದೆ. ಎಲ್ಲರ ಹೆಸರೂ, ನೀನು ಕಲಿಸಿದ ಹಾಗೇ. ಕೇಳಿ ಮುಗಿಸಿ, "ಆ ಡಾಕ್ಟರಮ್ಮ ನನಗೂ ಒಂದು ದಿನ ಕೊಡ್ತಾಳೇನು, ಕೇಳಿ ನೋಡಕ್ಕ," ಎಂದ. ಕುದುರೆ ಹತ್ತುವಾಗ, "ಮುಂದಿನ ಬೇಸಿಗೆಗೆ ನನ್ನವನ್ನು ಅವನೇ ಹೊಡ್ಕೊಂಡು ಬರ್ಲಿ. ಡಬ್ಬಿ ಬಂದ್ರೂ ಸರಿ, ಬಿಟ್ರೂ ಸರಿ," ಎಂದ. ಇದನ್ನು ನರ್ಸ್ ಎರಡು ಸಲ ಓದಲಿ.

ಈಗ ಲಕೋಟೆಯ ಸಂಗತಿ.

ನಿನ್ನೆ ಬೆಳಿಗ್ಗೆ ಯಂತ್ರ ಇಳಿಜಾರಿನ ಮೇಲ್ತುದಿಯಲ್ಲಿ ಒಂದು ಚೌಕ ಎಳೆದಿತ್ತು. ಅದರ ಪಕ್ಕದಲ್ಲೇ ಇನ್ನೊಂದು, ಬೆರಳ ಉಗುರಿನಷ್ಟು ಚಿಕ್ಕದು. ಅದಕ್ಕೆ ಹಾಕಿದ್ದ ನಂಬಿಕೆಯ ಅಂಕ ತೀರಾ ಕಡಿಮೆ. ಅಷ್ಟು ಕಡಿಮೆಯಿದ್ದರೆ ಕಲ್ಲು, ಪೊದೆ ಎಂದು ನಾನು ಬಿಟ್ಟುಬಿಡುತ್ತೇನೆ. ಇದನ್ನೂ ಬಿಡುತ್ತಿದ್ದೆ. ಆದರೆ ದೊಡ್ಡ ಚೌಕದವಳು ಹಿಂಡಿಗೆ ಬೆನ್ನು ಮಾಡಿ ನಿಂತಿದ್ದಳು. ಹೆಣ್ಣು ಹಾಗೆ ನಿಂತರೆ ಏನನ್ನೋ ಮರೆ ಮಾಡುತ್ತಿರುತ್ತಾಳೆ ಎಂದಿದ್ದೆಯಲ್ಲ? ನಾನೂ ಸಾಲ್ಕಿನಾಯ್‌ಳೂ ಹತ್ತಿ ಹೋದೆವು, ನಿಂತು ನಿಂತು, ಒಬ್ಬರ ಮಂಡಿಯನ್ನು ಒಬ್ಬರು ಬೈಯುತ್ತ.

ಮರಿ, ಎಸೆನ್ಕುಲ್! ಕಾಲ ತಪ್ಪಿ ಹುಟ್ಟಿದ್ದು. ಮೈ ಇನ್ನೂ ಒದ್ದೆಯಿತ್ತು. ಈ ವರ್ಷ ಗಬ್ಬವೇ ನಿಂತಿಲ್ಲ ಎಂದು ನೀವೆಲ್ಲ ಬಿಟ್ಟಿದ್ದ ಆ ಗೋಧಿಬಣ್ಣದವಳದು. ನಾವು ನೋಡುತ್ತಿದ್ದಂತೆ ಎದ್ದಿತು, ಬಿದ್ದಿತು, ಮತ್ತೆ ಎದ್ದು ಮೊಲೆ ಹುಡುಕಿತು. ಸಾಲ್ಕಿನಾಯ್ ತಲೆವಸ್ತ್ರದ ಅಂಚಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ನಿನ್ನ ಕಣ್ಣಿಗಾಗಿ ಅತ್ತಳೋ ಮರಿಗಾಗಿಯೋ, ನಾನು ಕೇಳಲಿಲ್ಲ.

ಅದರ ಬಣ್ಣ ಏನೆಂದು ಬರೆಯುವುದಿಲ್ಲ. ಕಾಲು ಹೇಗಿದೆ, ಹಣೆಯಲ್ಲಿ ಏನಿದೆ, ಅದನ್ನೂ ಬರೆಯುವುದಿಲ್ಲ. ಸಾಲ್ಕಿನಾಯ್‌ಗೂ ಬಾಯಿಬಿಡಬಾರದು ಎಂದಿದ್ದೇನೆ. ಟಾಲಿಪ್‌ಗೆ ತೋರಿಸಿಯೇ ಇಲ್ಲ, ಲಕೋಟೆ ಅಂಟಿಸಿ ಕೊಟ್ಟಿದ್ದೇನೆ. ಅದರೊಳಗೆ ಮರಿಯ ಫೋಟೋ ಇದೆ, ತೆಗೆದ ಕೂಡಲೇ ಅಚ್ಚಾಗಿ ಬರುವ ಕ್ಯಾಮೆರಾ ಊರಿಂದ ತಂದಿದ್ದೆ, ಅದರಲ್ಲಿ ತೆಗೆದದ್ದು. ಪೆನ್ಸಿಲಿನಿಂದ ಚೌಕ ನಾನೇ ಎಳೆದಿದ್ದೇನೆ, ಮೈಗೆ ಅಂಟಿದಂತೆ. ಪಕ್ಕದಲ್ಲಿ ಏನೂ ಬರೆದಿಲ್ಲ. ಯಂತ್ರಕ್ಕೆ 'ಕುದುರೆ' ಎಂದರೆ ಸಾಕು, ಈ ಮರಿಗೆ ಸಾಲದು.

ಸೋಮವಾರ ಪಟ್ಟಿ ಬಿಚ್ಚಿದ ಮೇಲೆ ಕಿಟಕಿಯ ಹತ್ತಿರ ಕೂತು, ಅವಸರ ಮಾಡದೆ ನೋಡು. ಮೊದಲ ದಿನ ಮಸುಕಾಗಿದ್ದರೆ ಮರುದಿನ ನೋಡು. ಕಂಡಾಗ ಅದು ಯಾರೆಂದು ನೀನೇ ಆ ಜಾಗದಲ್ಲಿ ಬರೆದು, ಫೋಟೋ ನಮಗೆ ತಿರುಗಿ ಕಳಿಸು. ಇಲ್ಲಿ ನಾವಿಬ್ಬರೂ ಅದನ್ನು ಸದ್ಯಕ್ಕೆ 'ಏಯ್' ಎಂದು ಕರೆಯುತ್ತಿದ್ದೇವೆ. ಹಾಗೆ ಎಷ್ಟು ದಿನ ಕರೆಯಲು ಆಗುತ್ತದೆ? ಬೇಗ ಬರೆಯಪ್ಪ.

ನಿನ್ನ ಅಕ್ಕ,
ಶೆಕೆರ್‌ಕನ್